ಕೊರೆದಕ್ಷರದಿಂದ ಉಬ್ಬಕ್ಷರದವರೆಗೆ: ಕೊಲ್ಹಾಪುರ ಸೀಮೆಯ ಅಕ್ಷರಶಿಲ್ಪದ ಇತಿಹಾಸ

ಕರವೀರ ಕ್ಷೇತ್ರವೆಂದು ಪುರಾಣಪ್ರಸಿದ್ಧವಾದ ಕೊಲ್ಹಾಪುರವು ಜಗನ್ಮಾತೆ ಶ್ರೀ ಮಹಾಲಕ್ಷ್ಮಿಯ ನೆಲೆವೀಡು. ಕನ್ನಡ ನಾಡಿನ ಸಹಸ್ರಾರು ಮನೆತನಗಳಿಗೆ ಈ ತಾಯಿಯೇ ಕುಲದೇವತೆ. ಕೃಷ್ಣಾ-ಪಂಚಗಂಗಾ ಸಂಗಮದ ನೃಸಿಂಹವಾಡಿ, ವಾಡಿ ರತ್ನಾಗಿರಿಯ ಜ್ಯೋತಿಬಾ, ಖಿದ್ರಾಪುರದ ಕೋಪೇಶ್ವರ, ಗಡಹಿಂಗ್ಲಜದ ಕಾಳಭೈರಿ ಮೊದಲಾದ ದೇವಸ್ಥಾನಗಳಿಗೂ ಗಡಿಯ ಎರಡೂ ಕಡೆಯ ಭಕ್ತರು ತಲೆತಲಾಂತರದಿಂದ ನಡೆದುಕೊಳ್ಳುತ್ತ ಬಂದಿದ್ದಾರೆ. ದರ್ಶನಕ್ಕೆ ಬಂದ ಭಕ್ತನು ಮೊದಲು ಓದುವುದು ಮಹಾದ್ವಾರದ ಮೇಲಿನ ಹೆಸರನ್ನು. ಗರ್ಭಗುಡಿಯತ್ತ ಸಾಗುವಾಗ ಕಂಬ, ಗೋಡೆ, ಮೆಟ್ಟಿಲುಗಳ ಮೇಲೆ ಸೇವೆ ಸಲ್ಲಿಸಿದವರ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಆ ಅಕ್ಷರಗಳನ್ನು ಬರೆದವರು ಯಾರು, ಕೆತ್ತಿದವರು ಯಾರು, ಯಾವ ಉಪಕರಣದಿಂದ ಕೆತ್ತಿದರು ಎಂಬ ವಿಚಾರ ಮಾತ್ರ ಸಾಮಾನ್ಯವಾಗಿ ಯಾರ ಮನಸ್ಸಿಗೂ ಬರುವುದಿಲ್ಲ.

ಅಕ್ಷರವೆಂದರೆ ಕ್ಷರವಿಲ್ಲದ್ದು, ನಾಶವಿಲ್ಲದ್ದು ಎಂದು ಹಿರಿಯರು ಅರ್ಥ ಹೇಳುತ್ತಾರೆ. ಕಲ್ಲು, ತಾಮ್ರ, ಕಂಚು, ಕಟ್ಟಿಗೆಗಳ ಮೇಲೆ ಅಕ್ಷರ ಮೂಡಿಸುವ ವಿದ್ಯೆಯು ಈ ಮಾತನ್ನು ನಿಜಮಾಡಲು ಮನುಷ್ಯನು ಕೈಗೊಂಡ ಪ್ರಯತ್ನವೇ ಆಗಿದೆ. ಈ ವಿದ್ಯೆ ಇಂದು ಉಳಿಯಿಂದ ಸಿ.ಎನ್.ಸಿ. ಯಂತ್ರದವರೆಗೆ ಬಂದಿದೆ. ಈ ನಡೆಯನ್ನು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಪಯುಕ್ತವೂ ಸಮಯೋಚಿತವೂ ಆಗಿದೆ.

ಶಿಲಾಹಾರರ ಕಾಲದ ಅಕ್ಷರ

9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಸಿದ್ಧವಾದ ಕವಿರಾಜಮಾರ್ಗವು ಕನ್ನಡ ನಾಡಿನ ವಿಸ್ತಾರವನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸುತ್ತದೆ. ಆ ವಿಸ್ತಾರದೊಳಗೆ ಬರುವ ಕೊಲ್ಹಾಪುರ ಪ್ರದೇಶವನ್ನು ಮುಂದೆ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಶಿಲಾಹಾರರು ಆಳಿದರು. ವಳವಾಡ, ಕೊಲ್ಲಾಪುರ, ಪನ್ಹಾಳಗಳು ಅವರ ನೆಲೆಗಳಾಗಿದ್ದವು. ಗಂಡರಾದಿತ್ಯ, ವಿಜಯಾದಿತ್ಯ, ಇಮ್ಮಡಿ ಭೋಜ ಇವರು ಈ ವಂಶದ ಪ್ರಸಿದ್ಧ ಅರಸರು. ತಾವು ಮಹಾಲಕ್ಷ್ಮಿಯಿಂದ ವರಪ್ರಸಾದ ಪಡೆದವರೆಂದು ಈ ಅರಸರು ತಮ್ಮ ಬಿರುದಾವಳಿಯಲ್ಲಿ ಹೇಳಿಕೊಂಡಿರುವುದು ಭಕ್ತರು ನೆನಪಿಡಬೇಕಾದ ಸಂಗತಿ. 13ನೆಯ ಶತಮಾನದ ಆರಂಭದಲ್ಲಿ ದೇವಗಿರಿಯ ಯಾದವ ಸಿಂಘಣನು ಭೋಜನನ್ನು ಸೋಲಿಸಿದ ಮೇಲೆ ಈ ರಾಜ್ಯ ಕೊನೆಗೊಂಡಿತು.

ಶಿಲಾಹಾರರ ಶಾಸನಗಳು ಕನ್ನಡ ಮತ್ತು ಸಂಸ್ಕೃತ ಭಾಷೆಗಳಲ್ಲಿವೆ. ಸಂಸ್ಕೃತದ ಪಾಠವನ್ನೂ ಹಲವೆಡೆ ಹಳಗನ್ನಡ ಲಿಪಿಯಲ್ಲಿಯೇ ಕೆತ್ತಲಾಗಿದೆ. ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಅವರು ಕೊಲ್ಹಾಪುರ ಮತ್ತು ಕಾಗಲ ಬಳಿಯ ಬಾಮಣಿಯ ಶಾಸನಗಳನ್ನು 19ನೆಯ ಶತಮಾನದ ಕೊನೆಯಲ್ಲಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಮಹಾಮಹೋಪಾಧ್ಯಾಯ ವಾ. ವಿ. ಮಿರಾಶಿ ಅವರು ಶಿಲಾಹಾರರ ಶಾಸನಗಳನ್ನೆಲ್ಲ ಒಂದೇ ಸಂಪುಟದಲ್ಲಿ 1977ರಲ್ಲಿ ಹೊರತಂದರು.

ಇವುಗಳಲ್ಲಿ ವಿಜಯಾದಿತ್ಯನ ಕಾಲದ ಶಕವರ್ಷ 1065ರ, ಎಂದರೆ ಕ್ರಿ.ಶ. 1143ರ ಕೊಲ್ಹಾಪುರ ಶಾಸನ ಹೃದಯಂಗಮವಾಗಿದೆ. ಮಾಘನಂದಿ ಸಿದ್ಧಾಂತದೇವರ ಶಿಷ್ಯನೂ ಸಾಮಂತ ಕಾಮದೇವನ ಹಡಪ ಹಿಡಿಯುವವನೂ ಆದ ವಾಸುದೇವನೆಂಬವನು ಬಸದಿಯೊಂದನ್ನು ಕಟ್ಟಿಸಿದನು. ಅಲ್ಲಿನ ಪಾರ್ಶ್ವನಾಥ ಸ್ವಾಮಿಯ ಪೂಜೆಗಾಗಿ ಅರಸನು ಚಂದ್ರಗ್ರಹಣದ ದಿನ ಕಾಲು ನಿವರ್ತನ ಹೊಲವನ್ನೂ 12 ಮೊಳದ ಮನೆಯನ್ನೂ ದಾನಮಾಡಿದನು. ದಾನವೇನೂ ದೊಡ್ಡದಲ್ಲ, ಮಾಡಿಸಿದವನು ಮಂತ್ರಿಯೂ ಅಲ್ಲ, ದಂಡನಾಯಕನೂ ಅಲ್ಲ. ಒಡೆಯನಿಗೆ ಎಲೆ-ಅಡಿಕೆಯ ಚೀಲ ಹಿಡಿದು ನಿಲ್ಲುತ್ತಿದ್ದ ಸೇವಕ. ಅರಮನೆಗಳು ಬಿದ್ದುಹೋದವು, ರಾಜ್ಯಗಳು ಬದಲಾದವು. ಆದರೆ ಆ ಸೇವಕನ ಹೆಸರು ಸುಮಾರು 880 ವರ್ಷ ಉಳಿದುಬಂದಿತು. ಕಲ್ಲಿನಲ್ಲಿ ಆಳವಾಗಿ ಕೊರೆದ ಅಕ್ಷರವು ಅವನನ್ನು ಉಳಿಸಿತು.

ಶಿಲ್ಪ ಉಬ್ಬಿತು, ಅಕ್ಷರವೇಕೆ ಉಬ್ಬಲಿಲ್ಲ?

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಹುಟ್ಟುತ್ತದೆ. ಖಿದ್ರಾಪುರದ ಕೋಪೇಶ್ವರ ದೇವಾಲಯದ ಶಿಲ್ಪಿಗಳು ಕಗ್ಗಲ್ಲಿನಲ್ಲಿ ಆನೆಗಳನ್ನೂ ದೇವತಾಮೂರ್ತಿಗಳನ್ನೂ ಹೊರಕ್ಕೆ ಉಬ್ಬುವಂತೆ ಕಡೆದಿದ್ದಾರೆ. ಸ್ವರ್ಗಮಂಟಪದ 48 ಕಂಬಗಳ ಕಡೆತ ನೋಡಿದವರು ಅವರ ಕೈಚಳಕಕ್ಕೆ ತಲೆದೂಗದೆ ಇರಲಾರರು. ಇಂತಹ ನಿಪುಣರಿದ್ದ ಕಾಲದಲ್ಲಿಯೂ ಶಾಸನದ ಅಕ್ಷರಗಳನ್ನು ಉಬ್ಬಿಸದೆ ಕಲ್ಲಿನೊಳಕ್ಕೆ ಕೊರೆದರು. ಹಲ್ಮಿಡಿ ಶಾಸನ, ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ, ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಪಾದದ ಎಡಬಲಗಳಲ್ಲಿರುವ ಕನ್ನಡ, ತಮಿಳು, ಮರಾಠಿ ಬರಹಗಳು, ಇವೆಲ್ಲವೂ ಕೊರೆದಕ್ಷರಗಳೇ.

ಕಾರಣ ಕೆಲಸದ ಲೆಕ್ಕದಲ್ಲಿದೆ. ಅಕ್ಷರವನ್ನು ಕೊರೆಯುವಾಗ ಗೆರೆ ಇರುವಷ್ಟು ಕಲ್ಲನ್ನು ಮಾತ್ರ ತೆಗೆದರೆ ಸಾಕು. ಅಕ್ಷರವನ್ನು ಉಬ್ಬಿಸಬೇಕಾದರೆ ಗೆರೆಯನ್ನು ಬಿಟ್ಟು ಸುತ್ತಲಿನ ಕಲ್ಲನ್ನೆಲ್ಲ ಸಮನಾಗಿ ತಗ್ಗಿಸಬೇಕು. ನೂರಾರು ಅಕ್ಷರಗಳ ದಾನಶಾಸನಕ್ಕೆ ಇದು ಸಾಧ್ಯವಾಗುವ ಮಾತಲ್ಲ. ಇನ್ನೊಂದು ಕಾರಣ ಬಾಳಿಕೆ. ಕೊರೆದಕ್ಷರವು ಕಲ್ಲಿನ ಮೈಯೊಳಗೆ ಅಡಗಿರುತ್ತದೆ. ಮೇಲ್ಮೈ ಸವೆದರೂ ತಳ ಉಳಿಯುತ್ತದೆ. ಉಬ್ಬಕ್ಷರವು ಎಲ್ಲಕ್ಕಿಂತ ಮುಂದೆ ನಿಂತಿರುವುದರಿಂದ ತಾಗಿದ ಪೆಟ್ಟು ಮೊದಲು ಅದಕ್ಕೇ ತಾಗುತ್ತದೆ.

ಶಾಸನದ ಕೆಲಸ ಮೂವರ ಕೈಯಿಂದ ಆಗುತ್ತಿತ್ತು. ಒಬ್ಬನು ಪಾಠವನ್ನು ರಚಿಸುವನು, ಇನ್ನೊಬ್ಬನು ಅದನ್ನು ಕಲ್ಲಿನ ಮೇಲೆ ಬರೆಯುವನು, ಮತ್ತೊಬ್ಬನು ಕಂಡರಿಸುವನು. ಕಂಡರಿಸಿದ ರೂವಾರಿಗಳು ಶಾಸನದ ಕೊನೆಯಲ್ಲಿ ತಮ್ಮ ಹೆಸರನ್ನೂ ಬಿಟ್ಟುಹೋದ ಉದಾಹರಣೆಗಳಿವೆ. ಹೆಸರಿನ ಕೊನೆಯ ಓಜ ಎಂಬುದು ಉಪಾಧ್ಯಾಯ ಎಂಬ ಮಾತಿನಿಂದ ಬಂದದ್ದು. ಬೇಲೂರಿನಲ್ಲಿ ತನ್ನ ಹೆಸರು ಕೆತ್ತಿದ ಬಳ್ಳಿಗಾವೆಯ ದಾಸೋಜನಂತಹವರನ್ನು ಆ ಕಾಲದ ಸಮಾಜವು ಗುರುವೆಂದೇ ಗೌರವಿಸಿತ್ತು.

ಉಬ್ಬಕ್ಷರದ ಬೇರೆ ಬೇರೆ ದಾರಿಗಳು

ಹಾಗೆಂದು ಉಬ್ಬಕ್ಷರ ಈ ನಾಡಿಗೆ ಹೊಸದೇನಲ್ಲ. ನಾಣ್ಯದ ಅಚ್ಚಿನಲ್ಲಿ ಅಕ್ಷರವನ್ನು ಹಿಂದುಮುಂದಾಗಿ ಕೊರೆದರೆ ಹೊಡೆದ ನಾಣ್ಯದ ಮೇಲೆ ಅದು ನೇರವಾಗಿ ಉಬ್ಬಿ ಮೂಡುತ್ತದೆ. ತಾಮ್ರಪಟದ ಬಳೆಗೆ ಬೆಸೆದ ರಾಜಮುದ್ರೆಯ ಲಾಂಛನವೂ ಉಬ್ಬಿದ್ದೇ. ಆದರೆ ಗೋಡೆಯ ಮೇಲಿನ ದೊಡ್ಡ ಉಬ್ಬಕ್ಷರಗಳು ದಖ್ಖನದಲ್ಲಿ ವಿಪುಲವಾಗಿ ಕಾಣಿಸಿಕೊಂಡದ್ದು ಸುಲ್ತಾನರ ಕಾಲದಲ್ಲಿ. ವಿಜಾಪುರದ ಗೋಲಗುಮ್ಮಟದ ದಕ್ಷಿಣ ಬಾಗಿಲಿನ ಮೇಲೆ 1656ರಲ್ಲಿ ನಿಧನನಾದ ಮಹಮ್ಮದ ಆದಿಲಶಹನ ಮರಣದ ಬರಹವು ಉಬ್ಬಕ್ಷರಗಳಲ್ಲಿದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿನ ಮೇಲೂ ಉಬ್ಬಿದ ಬರಹಗಳಿವೆ. ಪನ್ಹಾಳಗಡದ ತೀನ್ ದರವಾಜಾದ ಮೇಲೆಯೂ ಆದಿಲಶಾಹಿ ಕಾಲದ ಪಾರಸಿ ಬರಹವಿದೆ. ಈ ಬರಹಗಳು ಚಿಕ್ಕವು. ಓದಿಗೆಷ್ಟೋ ಅಲಂಕಾರಕ್ಕೂ ಅಷ್ಟೇ ಉದ್ದೇಶಿಸಿದವು. ಆದ್ದರಿಂದ ಹಿನ್ನೆಲೆಯನ್ನೆಲ್ಲ ತಗ್ಗಿಸುವ ಶ್ರಮಕ್ಕೆ ಅರ್ಥವಿತ್ತು.

ದೇವಸ್ಥಾನದ ಗಂಟೆಗಳದು ಮತ್ತೊಂದು ದಾರಿ. ಚಿಮಾಜಿ ಅಪ್ಪಾ 1739ರಲ್ಲಿ ವಸಯಿಯನ್ನು ಗೆದ್ದಾಗ ದೊರೆತ ಪೋರ್ತುಗೀಜರ ಗಂಟೆಗಳು ಮಹಾರಾಷ್ಟ್ರದ ಹಲವು ದೇವಾಲಯಗಳನ್ನು ಸೇರಿದವು. ವಾಯಿ ಬಳಿಯ ಮೆಣವಲಿಯ ಗಂಟೆಯ ಮೇಲೆ 1707 ಎಂಬ ಇಸವಿ ಇಂದಿಗೂ ಕಾಣುತ್ತದೆ. ಗಂಟೆಯ ಎರಕದಲ್ಲಿ ಅಕ್ಷರವನ್ನು ಕೆತ್ತುವುದಿಲ್ಲ. ಅಚ್ಚಿನೊಳಗೆ ಅದರ ತಗ್ಗನ್ನು ಬಿಟ್ಟು, ಕರಗಿದ ಲೋಹವೇ ಆ ತಗ್ಗನ್ನು ತುಂಬಿ ಉಬ್ಬಕ್ಷರವಾಗಿ ಹೊರಬರುತ್ತದೆ. ಛಾಪಖಾನೆಯ ಸೀಸದ ಅಕ್ಷರಗಳೂ ಇದೇ ಜಾತಿಯವು. ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಅವರ ಕನ್ನಡ ವ್ಯಾಕರಣವು 1817ರಲ್ಲಿ ಮುದ್ರಣಗೊಂಡಿತು. ಅಂದಿನಿಂದ ಕನ್ನಡದ ದುಂಡಕ್ಷರವು ಲೋಹದಲ್ಲಿ ಉಬ್ಬಿ ನಿಲ್ಲಲು ಕಲಿಯಿತೆನ್ನಬಹುದು.

ಎರಕದ ಊರು, ಮಗ್ಗದ ಊರು, ಸಂತೆಯ ಊರು

1894ರಲ್ಲಿ ಪಟ್ಟಕ್ಕೆ ಬಂದ ರಾಜರ್ಷಿ ಶಾಹೂ ಛತ್ರಪತಿಗಳ ಕಾಲದಲ್ಲಿ ಕೊಲ್ಹಾಪುರವು ಕೈಗಾರಿಕೆಯ ಕಡೆಗೆ ಹೊರಳಿತು. 1906ರಲ್ಲಿ ಅವರ ಹೆಸರಿನ ನೂಲಿನ ಗಿರಣಿ ಆರಂಭವಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿ ಕಬ್ಬಿಣದ ನೇಗಿಲುಗಳನ್ನು ತಯಾರಿಸಿದರು. ಕೊಲ್ಹಾಪುರದ ಉದ್ಯಮನಗರ, ಬಳಿಕ ಶಿರೋಲಿ, ಗೋಕುಳ ಶಿರಗಾಂವಗಳಲ್ಲಿ ಎರಕದ ಕಾರ್ಖಾನೆಗಳು ಬೆಳೆದು ಎಣ್ಣೆ ಇಂಜಿನ್‌ಗಳಿಗೂ ಎರಕದ ಬಿಡಿಭಾಗಗಳಿಗೂ ಊರು ಹೆಸರಾಯಿತು.

ಇಂಜಿನ್ನಿನ ಮೈಮೇಲೆ ತಯಾರಕನ ಹೆಸರು ಉಬ್ಬಿ ನಿಂತಿರುವುದನ್ನು ಬಾವಿಯ ದಂಡೆಯಲ್ಲಿ ಕಾಣದ ರೈತನಿಲ್ಲ. ಅದಕ್ಕಾಗಿ ಕಟ್ಟಿಗೆಯ ಪ್ಯಾಟರ್ನಿನ ಮೇಲೆ ಅಕ್ಷರಗಳನ್ನು ಉಬ್ಬಿಸಬೇಕು, ಅದನ್ನು ಮರಳಿನಲ್ಲಿ ಒತ್ತಿ ತೆಗೆಯಬೇಕು. ಅಕ್ಷರದ ಬದಿಗಳು ನೆಟ್ಟಗಿದ್ದರೆ ತೆಗೆಯುವಾಗ ಮರಳು ಕಿತ್ತು ಬರುತ್ತದೆ. ಆದ್ದರಿಂದ ಬುಡ ಅಗಲ, ತಲೆ ಕಿರಿದಾಗಿ ತುಸು ಇಳಿಜಾರು ಕೊಡುತ್ತಾರೆ. ಕೊಲ್ಹಾಪುರದ ಪ್ಯಾಟರ್ನ್ ಮಾಡುವ ಬಡಿಗರು ಹೀಗೆ ಹಲವು ದಶಕ ಕೈಯಿಂದಲೇ ಉಬ್ಬಕ್ಷರ ಮಾಡಿದವರು. ಇದೇ ಊರಿನ ಬಾಬುರಾವ್ ಪೇಂಟರ್ ಅವರು ಕುಶಲಕರ್ಮಿಗಳ ಮನೆತನದಲ್ಲಿ 1890ರಲ್ಲಿ ಹುಟ್ಟಿ, ನಾಟಕದ ಪರದೆಗಳನ್ನು ಬಿಡಿಸಿ, ಮೂರ್ತಿಗಳನ್ನು ಮಾಡಿ, ಸ್ವದೇಶಿ ಕ್ಯಾಮೆರಾ ಸಿದ್ಧಪಡಿಸಿ 1920ರಲ್ಲಿ ಸೈರಂಧ್ರಿ ಚಿತ್ರವನ್ನು ತೆರೆಗೆ ತಂದರು. ಕುಂಚ, ಉಳಿ, ಯಂತ್ರ ಮೂರನ್ನೂ ಒಂದೇ ಕೈ ಹಿಡಿಯಬಲ್ಲದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಪಂಚಗಂಗೆಯ ತೀರದ ಇಚಲಕರಂಜಿಯ ಕಥೆ ಬೇರೆ. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಮೊದಲ ವಿದ್ಯುತ್ ಮಗ್ಗವನ್ನು ಹಾಕಿದರು. ಸಂಸ್ಥಾನಾಧಿಪತಿ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಆಶ್ರಯದಲ್ಲಿ ನೇಕಾರಿಕೆ ಬೆಳೆದು ಊರು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿತು. 1982ರಲ್ಲಿ ಅಲ್ಲಿ ಡಿ.ಕೆ.ಟಿ.ಇ. ಸಂಸ್ಥೆಯ ಜವಳಿ ಹಾಗೂ ತಾಂತ್ರಿಕ ಶಿಕ್ಷಣ ಆರಂಭವಾಯಿತು. ಮಗ್ಗಕ್ಕೂ ಅಕ್ಷರ ಕೆತ್ತುವ ಯಂತ್ರಕ್ಕೂ ಏನು ಸಂಬಂಧವೆಂದು ಕೇಳಬಹುದು. ಫ್ರಾನ್ಸಿನ ಜಕಾರ್ಡ್ ಎಂಬವನು 1804ರ ಸುಮಾರಿಗೆ ತೂತುಗಳಿರುವ ರಟ್ಟುಗಳ ಮಾಲೆಯಿಂದ ಮಗ್ಗಕ್ಕೆ ಅಪ್ಪಣೆ ಕೊಡುವ ಉಪಾಯವನ್ನು ಕಂಡುಹಿಡಿದನು. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ; ಸೀರೆಯ ಅಂಚಿನಲ್ಲಿ ಹೂವು ಅರಳುತ್ತದೆ. ಮೊದಮೊದಲ ಗಣಕೀಯ ಕೊರೆಯುವ ಯಂತ್ರಗಳೂ ತೂತು ಹೊಡೆದ ಕಾಗದದ ಪಟ್ಟಿಯನ್ನೇ ಓದಿ ನಡೆಯುತ್ತಿದ್ದವು. ನೇಕಾರನ ರಟ್ಟು ಈ ಯಂತ್ರಕ್ಕೆ ಅಣ್ಣನೆಂದರೆ ತಪ್ಪಾಗದು.

ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜವು ಬೆಲ್ಲ, ಮೆಣಸಿನಕಾಯಿಗಳ ಪೇಟೆ. ಒಂದು ಕಡೆ ಆಜರಾ, ಚಂದಗಡದ ಕಾಡುಸೀಮೆ, ಇನ್ನೊಂದು ಕಡೆ ಸಂಕೇಶ್ವರದ ಬಯಲು. ನೂಲ, ಹಲಕರ್ಣಿಯಂತಹ ಹಳ್ಳಿಗಳಲ್ಲಿ ಕನ್ನಡ ಮನೆಮಾತು, ಮರಾಠಿ ಶಾಲೆಮಾತು. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956 ಮತ್ತು 1960ರಲ್ಲಿ ರಾಜ್ಯಗಳ ಎಲ್ಲೆಗಳು ಹೊಸದಾಗಿ ನಿಂತವು. ಜಾತ್ರೆಯ ದಾರಿಗಳು ಮಾತ್ರ ಎಲ್ಲೆ ಕೇಳಲಿಲ್ಲ. ಈ ಭಾಗದ ದೇವಸ್ಥಾನದ ಫಲಕವೊಂದಕ್ಕೆ ಎರಡು ಲಿಪಿಗಳು ಬೇಕಾಗುವುದು ಸಹಜವೇ ಆಗಿದೆ.

ಯಂತ್ರದ ಆಗಮನ

ಅಮೆರಿಕದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬವರು ಅಂಕಿಗಳ ಮೂಲಕ ಯಂತ್ರವನ್ನು ನಡೆಸುವ ವಿಚಾರವನ್ನು ಮುಂದಿಟ್ಟರು. 1949ರಲ್ಲಿ ಅಲ್ಲಿನ ವಾಯುಸೇನೆ ಇದಕ್ಕೆ ನೆರವು ನೀಡಿತು. 1952ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಇಂತಹ ಯಂತ್ರದ ಪ್ರದರ್ಶನ ನಡೆಯಿತು. ಭಾರತದಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕಾರ್ಖಾನೆ, 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಹುಟ್ಟಿ ಯಂತ್ರ ತಯಾರಿಸುವ ವಿದ್ಯೆಗೆ ಅಡಿಪಾಯ ಹಾಕಿದವು. ತೂತಿನ ಪಟ್ಟಿಯ ಸ್ಥಾನಕ್ಕೆ ಕ್ರಮೇಣ ಗಣಕಯಂತ್ರ ಬಂದು ಅದು ಸಿ.ಎನ್.ಸಿ. ಎನಿಸಿಕೊಂಡಿತು. ಮೊದಲು ದೊಡ್ಡ ಕಾರ್ಖಾನೆಗಳಲ್ಲಿ ಇಂಜಿನ್ನಿನ ಭಾಗಗಳನ್ನು ಕಡೆಯುತ್ತಿದ್ದ ಈ ವಿದ್ಯೆ, ಬೆಲೆ ಇಳಿದಂತೆ ಬಡಿಗರ ಅಂಗಡಿಗೂ ಕಲ್ಲು ಕೆತ್ತುವವರ ಅಂಗಳಕ್ಕೂ ರೂಟರ್ ಎಂಬ ಹೆಸರಿನಿಂದ ಕಾಲಿಟ್ಟಿತು.

ಶಿಲಾಹಾರರ ರೂವಾರಿಗೆ ದುಬಾರಿಯಾಗಿದ್ದ ಕೆಲಸ, ಎಂದರೆ ಹಿನ್ನೆಲೆಯನ್ನೆಲ್ಲ ತಗ್ಗಿಸಿ ಅಕ್ಷರವನ್ನು ಉಳಿಸುವುದು, ಯಂತ್ರಕ್ಕೆ ಬೇಸರದ ಕೆಲಸವಲ್ಲ. ಉಬ್ಬಕ್ಷರದ ಫಲಕಗಳು ದೇವಸ್ಥಾನಗಳಲ್ಲಿ ಹೆಚ್ಚಾಗಲು ಇದೇ ಮೂಲಕಾರಣ.

ಒಂದು ಫಲಕಕ್ಕೆ ಹಲವು ಬಿಟ್

ಯಂತ್ರವಿದ್ದ ಮಾತ್ರಕ್ಕೆ ಗುಂಡಿ ಒತ್ತಿದೊಡನೆ ಫಲಕ ಸಿದ್ಧವಾಗುವುದೆಂಬ ಭಾವನೆ ಸರಿಯಲ್ಲ. ಉಳಿಗಳ ಚೀಲದಲ್ಲಿ ಅಗಲದ ಉಳಿ, ಸಣ್ಣ ಉಳಿ, ಮೊನೆಯುಳಿ ಇರುವಂತೆ ಇಲ್ಲಿಯೂ ಹಲವು ಬಿಟ್‌ಗಳು ಬೇಕು. 3 ಅಡಿ ಉದ್ದ, ಒಂದೂವರೆ ಅಡಿ ಅಗಲದ ಸಾಗವಾನಿ ಹಲಗೆಯಲ್ಲಿ ಅಕ್ಷರಗಳು 6 ಮಿ.ಮೀ. ಉಬ್ಬಬೇಕೆಂದು ಭಾವಿಸೋಣ. ಹಲಗೆಯ ಮೂರರಲ್ಲಿ ಎರಡು ಭಾಗ ಹಿನ್ನೆಲೆಯಾಗಿ ತಗ್ಗಬೇಕು.

ಮೊದಲು 12 ಮಿ.ಮೀ. ದಪ್ಪದ, ತಳ ಸಮನಾಗಿರುವ ಬಿಟ್ ಹಾಕಿ, ಅಕ್ಷರದ ಅಂಚಿಗೆ ಅರ್ಧ ಮಿಲಿಮೀಟರಿನಷ್ಟು ಕಟ್ಟಿಗೆ ಬಿಟ್ಟು ಬಯಲನ್ನೆಲ್ಲ ಎರಡು ಸುತ್ತಿನಲ್ಲಿ ತೆಗೆಯುತ್ತಾರೆ. ಒಂದೊಂದು ಸಾಲು ಪಕ್ಕದ ಸಾಲಿನಿಂದ 4.8 ಮಿ.ಮೀ. ಸರಿದರೆ ಬಿಟ್ ಒಟ್ಟು ಸುಮಾರು 112 ಮೀಟರ್ ನಡೆಯುತ್ತದೆ. ಇದೇ ಕೆಲಸವನ್ನು 3 ಮಿ.ಮೀ. ಬಿಟ್ ಒಂದರಿಂದಲೇ ಮಾಡಹೊರಟರೆ ಸಾಲು 1.2 ಮಿ.ಮೀ. ಮಾತ್ರ ಸರಿಯಬಲ್ಲದು, ಆಳವನ್ನೂ ನಾಲ್ಕು ಸುತ್ತಿನಲ್ಲಿ ತೆಗೆಯಬೇಕು. ಆಗ ನಡಿಗೆ ಸುಮಾರು 900 ಮೀಟರ್ ಆಗುತ್ತದೆ. ನಿಮಿಷಕ್ಕೆ 2 ಮೀಟರ್ ವೇಗದಲ್ಲಿ ಮೊದಲನೆಯದಕ್ಕೆ ಒಂದು ತಾಸು ಸಾಕಾದರೆ ಎರಡನೆಯದಕ್ಕೆ ಏಳೂವರೆ ತಾಸು. ದೊಡ್ಡ ಬಿಟ್ ಬೇಕಾಗುವುದು ಇದಕ್ಕಾಗಿ.

ಆದರೆ ದೊಡ್ಡ ಬಿಟ್ ಇಕ್ಕಟ್ಟಿನ ಜಾಗಕ್ಕೆ ಇಳಿಯದು. ಎರಡು ಗೆರೆಗಳ ನಡುವಿನ ಸಂದು ಬಿಟ್ಟಿನ ದಪ್ಪಕ್ಕಿಂತ ಕಿರಿದಾಗಿದ್ದರೆ ಅದು ಹೊರಗೇ ನಿಲ್ಲುತ್ತದೆ. ಅಲ್ಲಿ 6 ಮಿ.ಮೀ., ಬಳಿಕ 3 ಮಿ.ಮೀ. ಬಿಟ್‌ಗಳು ಉಳಿದದ್ದನ್ನು ಮಾತ್ರ ತೆಗೆಯುತ್ತವೆ. ಇಷ್ಟಾದರೂ ಎರಡು ಗೆರೆ ಕೂಡುವ ಒಳಮೂಲೆ ದುಂಡಾಗಿಯೇ ಉಳಿಯುತ್ತದೆ. ಏಕೆಂದರೆ ಬಿಟ್ ದುಂಡಗಿದೆ. ಆಗ ಮೊನೆಯಾದ ವಿ-ಬಿಟ್ ಬರುತ್ತದೆ. ಇದು ಮೂಲೆಯತ್ತ ಸಾಗುತ್ತ ಮೆಲ್ಲಗೆ ಮೇಲೇಳುತ್ತದೆ; ತುದಿ ಸಣ್ಣದಾದಷ್ಟೂ ಮೂಲೆ ಚೂಪಾಗಿ ತೆರೆದುಕೊಳ್ಳುತ್ತದೆ. ಅಕ್ಷರದ ಬದಿಗೆ ಇಳಿಜಾರೂ ದೊರೆಯುತ್ತದೆ. ಎರಕದ ಪ್ಯಾಟರ್ನಿಗೆ ಬೇಕಾದ ಇಳಿಜಾರೂ ಇದೇ ಬಗೆಯದು. ಕೇವಲ ವಿ-ಬಿಟ್ ಸಾಲದೆ ಎಂದರೆ ಸಾಲದು, ಮೊನೆಯ ತುದಿಯಿಂದ ಬಯಲನ್ನು ಸಮಮಾಡಿದರೆ ತಳದಲ್ಲಿ ಗೆರೆಗೆರೆ ಉಳಿಯುತ್ತದೆ.

ಪ್ರತಿ ಸಲ ಬಿಟ್ ಬದಲಿಸಿದಾಗ ಅದರ ತುದಿಯ ಎತ್ತರವನ್ನು ಒಂದೇ ಗುರುತಿನಿಂದ ಅಳೆಯಬೇಕು. ಹಲಗೆಯ ಮೇಲ್ಮೈ ಕೆತ್ತಿಹೋಗುವುದರಿಂದ ಒಂದು ಮೂಲೆಯನ್ನಾದರೂ ಮುಟ್ಟದೆ ಬಿಡುವುದು ವಾಡಿಕೆ. ಒಂದು ಮಿಲಿಮೀಟರಿನ ಐದನೆಯ ಒಂದು ಪಾಲು ತಪ್ಪಿದರೂ ತಳದಲ್ಲಿ ಮೆಟ್ಟಿಲು ಬೀಳುತ್ತದೆ; ಬಣ್ಣ ಹಚ್ಚಿದ ಮೇಲೆ ಅದು ಇನ್ನಷ್ಟು ಎದ್ದು ಕಾಣುತ್ತದೆ.

ಲಕ್ಷ್ಮೀ ಎಂಬ ಅಕ್ಷರದ ಪರೀಕ್ಷೆ

ದೇವನಾಗರಿಯಲ್ಲಿ ತಲೆಯ ಮೇಲಿನ ಗೆರೆಯು ಪದದ ಅಕ್ಷರಗಳನ್ನೆಲ್ಲ ಒಂದಕ್ಕೊಂದು ಹೆಣೆಯುತ್ತದೆ. ಉಬ್ಬಿಸಿದಾಗ ಇಡೀ ಪದವು ಒಂದೇ ತುಂಡಾಗಿ ಗಟ್ಟಿ ನಿಲ್ಲುತ್ತದೆ. ಕನ್ನಡದ ಗುಣ ಬೇರೆ. ಅಕ್ಷರಗಳು ದುಂಡು, ಒಂದೊಂದೂ ಪ್ರತ್ಯೇಕ; ಒತ್ತಕ್ಷರಗಳು ಕೆಳಗೆ ಸಣ್ಣ ದ್ವೀಪಗಳಂತೆ ನಿಲ್ಲುತ್ತವೆ. ಭಕ್ತರು ಅತಿ ಹೆಚ್ಚು ಬರೆಸುವ ಶ್ರೀ, ಲಕ್ಷ್ಮೀ ಎಂಬ ಮಾತುಗಳೇ ಕುಶಲಕರ್ಮಿಗೆ ಕಠಿಣ ಪರೀಕ್ಷೆ. ಲಕ್ಷ್ಮೀ ಎಂಬಲ್ಲಿ ಕಕಾರಕ್ಕೆ ಷಕಾರದ ಒತ್ತು, ಅದರ ಜೊತೆ ಮಕಾರದ ಒತ್ತು, ಮೇಲೆ ದೀರ್ಘ. ಮುಖ್ಯಾಕ್ಷರ 75 ಮಿ.ಮೀ. ಎತ್ತರವಿದ್ದರೂ ಒತ್ತುಗಳ ನಡುವಿನ ಸಂದು 3 ಮಿ.ಮೀ. ಸಮೀಪಕ್ಕೆ ಇಳಿಯಬಹುದು.

ಇಲ್ಲಿ ಲೆಕ್ಕ ತಪ್ಪಬಾರದು. 60 ಅಂಶದ ವಿ-ಬಿಟ್ 3 ಮಿ.ಮೀ. ಸಂದಿನಲ್ಲಿ 2.6 ಮಿ.ಮೀ. ಆಳಕ್ಕೆ ಮಾತ್ರ ಇಳಿಯುತ್ತದೆ. ಇನ್ನೂ ಇಳಿದರೆ ಅಕ್ಷರದ ಗೆರೆಯನ್ನೇ ತಿಂದುಬಿಡುತ್ತದೆ. 30 ಅಂಶದ ಬಿಟ್ ಹಾಕಿದರೆ 3.2 ಮಿ.ಮೀ. ಸಂದಿನಲ್ಲಿ ಪೂರ್ಣ 6 ಮಿ.ಮೀ. ಆಳ ಸಿಗುತ್ತದೆ. ಆದರೆ ಅಷ್ಟು ತೆಳುವಾದ ಮೊನೆ ಗಂಟು ತಾಗಿದೊಡನೆ ಮುರಿಯುವ ಭಯವಿದೆ. ಅನುಸ್ವಾರದ ಸೊನ್ನೆ, ಒತ್ತಿನ ಬಾಲ ಮೊದಲಾದ ಸಣ್ಣ ಭಾಗಗಳು ಕಟ್ಟಿಗೆಯ ಎಳೆಗೆ ಅಡ್ಡ ಬಂದರೆ ಸಿಡಿದುಹೋಗುತ್ತವೆ. ಆದುದರಿಂದ ಅನುಭವಿಗಳು ಕನ್ನಡ ಫಲಕಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬಿಟ್ಟು, ಒತ್ತುಗಳನ್ನು ತುಸು ದೊಡ್ಡದು ಮಾಡಿ, ಉಬ್ಬನ್ನು 4 ಮಿ.ಮೀ.ಗೆ ಇಳಿಸುತ್ತಾರೆ.

ಇನ್ನೊಂದು ಅಪಾಯ ಗಣಕದ ತೆರೆಯ ಮೇಲೆ ಇದೆ. 1998ರಲ್ಲಿ ಬಂದ ಬರಹ, ಬಳಿಕ ಬಂದ ನುಡಿ ತಂತ್ರಾಂಶಗಳಿಂದ ಕನ್ನಡ ಬೆರಳಚ್ಚು ಸುಲಭವಾಯಿತು. ಯೂನಿಕೋಡ್ ಬಂದ ಮೇಲೆ ಇನ್ನೂ ಸುಲಭ. ಆದರೆ ಕೆತ್ತನೆಯ ಕೆಲವು ತಂತ್ರಾಂಶಗಳಿಗೆ ಕನ್ನಡದ ಒತ್ತು ಜೋಡಿಸಲು ಬರುವುದಿಲ್ಲ; ಒತ್ತು ಬಿಡಿಯಾಗಿ ಪಕ್ಕಕ್ಕೆ ಬಂದು ಕೂಡುತ್ತದೆ. ಬರಹವನ್ನು ಮೊದಲೇ ರೇಖಾಚಿತ್ರವಾಗಿ ಮಾರ್ಪಡಿಸಿ ಕೊಟ್ಟರೆ ಈ ತೊಂದರೆ ತಪ್ಪುತ್ತದೆ. ಯಂತ್ರ ನಡೆಸುವವನಿಗೆ ಲಿಪಿ ಬಾರದಿದ್ದರೆ ತಪ್ಪು ಯಾರ ಕಣ್ಣಿಗೂ ಬೀಳದೆ ಕಲ್ಲಾಗಿ ಬಿಡುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಂತೆ, ವರ್ಷಗಟ್ಟಲೆ ದೇಣಿಗೆ ಕೂಡಿಸಿ ಮಾಡಿಸಿದ ಫಲಕ ಒಂದು ಒತ್ತಕ್ಷರದಿಂದ ಕೆಟ್ಟುಹೋಗುತ್ತದೆ. ಶಿಲಾಹಾರರ ಕಾಲದಲ್ಲಿ ಬರೆಯುವವನು, ಕಂಡರಿಸುವವನು ಬೇರೆ ಬೇರೆಯಾಗಿದ್ದರೂ ಕೂಡಿಯೇ ದುಡಿದರು. ಇಂದು ಅವರ ನಡುವೆ ಯಂತ್ರ ನಿಂತಿದೆ. ಆದುದರಿಂದ ಅಕ್ಷರ ಬಲ್ಲ ಇಬ್ಬರು ಹಿರಿಯರಾದರೂ ನಕಲನ್ನು ಓದಿ ಒಪ್ಪಿಗೆ ಕೊಡುವ ಪದ್ಧತಿಯನ್ನು ಪ್ರತಿಯೊಂದು ಸಮಿತಿಯೂ ಇಟ್ಟುಕೊಳ್ಳುವುದು ಲೇಸು.

ಯಾವ ಅಕ್ಷರ ಎಲ್ಲಿ?

ಉಬ್ಬಕ್ಷರವು ದೂರಕ್ಕೆ ಚೆನ್ನಾಗಿ ಕಾಣುತ್ತದೆ. ಬಿಸಿಲಿನಲ್ಲಿ ತನ್ನ ನೆರಳನ್ನು ತಾನೇ ಚೆಲ್ಲಿ ಬಣ್ಣವಿಲ್ಲದೆಯೂ ಓದಿಸಿಕೊಳ್ಳುತ್ತದೆ. ಕಣ್ಣು ಕಾಣದ ಭಕ್ತರು ದೊಡ್ಡ ಅಕ್ಷರವನ್ನು ಬೆರಳಿನಿಂದ ಅನುಭವಿಸಬಲ್ಲರು. ಆದ್ದರಿಂದ ಮಹಾದ್ವಾರದ ಮೇಲೆ, ಕೈಗೆ ಎಟುಕದ ಎತ್ತರದಲ್ಲಿ ಅದು ಶೋಭಿಸುತ್ತದೆ. ಆದರೆ ಮೆಟ್ಟಿಲು, ಹೊಸ್ತಿಲು, ಅಭಿಷೇಕದ ನೀರು ಹರಿಯುವ ಜಾಗ, ಭಕ್ತರು ಕುಂಕುಮ ಹಚ್ಚಿ ಕೈಮುಟ್ಟಿ ನಮಸ್ಕರಿಸುವ ಕಂಬ, ಇಲ್ಲೆಲ್ಲ ಕೊರೆದಕ್ಷರವೇ ಮೇಲು.

ನದಿಯ ದಂಡೆಯ ದೇವಸ್ಥಾನಗಳಿಗೆ ಇನ್ನೊಂದು ವಿಚಾರವಿದೆ. ನೃಸಿಂಹವಾಡಿಯಲ್ಲಿ ಮಳೆಗಾಲದಲ್ಲಿ ಕೃಷ್ಣೆಯ ನೀರು ಗುಡಿಯೊಳಗೆ ಹರಿದು ಬರುವುದನ್ನು ಭಕ್ತರು ದಕ್ಷಿಣದ್ವಾರ ಸೋಹಳೆಯೆಂದು ಆಚರಿಸುತ್ತಾರೆ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಕೃಷ್ಣಾ-ಪಂಚಗಂಗಾ ತೀರದ ಊರುಗಳು ದಿನಗಟ್ಟಲೆ ನೀರಿನಲ್ಲಿದ್ದವು. ನೀರು ಕುಡಿದ ಕಟ್ಟಿಗೆ ಉಬ್ಬುತ್ತದೆ, ಸೀಳುತ್ತದೆ. ಕಾಗದದ ದಾಖಲೆ ಕರಗುತ್ತದೆ. ಕಗ್ಗಲ್ಲಿನ ಶಾಸನ ಮಾತ್ರ ಕೆಸರು ತೊಳೆದರೆ ಮೊದಲಿನಂತೆಯೇ ಓದಿಗೆ ಸಿಗುತ್ತದೆ.

ಹಳೆಯ ಕಲ್ಲಿನ ಮೊರೆ

ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ಅಕ್ಷರಗಳಿಗೆ ಆಪತ್ತು ಬರುವುದುಂಟು. ಎಣ್ಣೆಬಣ್ಣ ಬಳಿದ ಶಾಸನ, ಸುಣ್ಣದ ಪದರಗಳಡಿ ಮುಚ್ಚಿದ ಶಾಸನ, ಬಟ್ಟೆ ಒಗೆಯುವ ಬಂಡೆಯಾದ ಶಾಸನ, ಹೊಸ ನೆಲಹಾಸಿನಡಿ ಹುದುಗಿದ ಶಾಸನಗಳ ಕಥೆ ಊರೂರಲ್ಲಿ ಕೇಳಿಬರುತ್ತದೆ. ಮರಳನ್ನು ರಭಸದಿಂದ ಹಾರಿಸಿ ಕಲ್ಲನ್ನು ಸ್ವಚ್ಛಮಾಡುವ ವಿಧಾನವಂತೂ ಎಂಟುನೂರು ವರ್ಷದ ಅಕ್ಷರದ ಅಂಚನ್ನು ಒಂದೇ ದಿನದಲ್ಲಿ ಸವೆಸಬಲ್ಲದು. ಹೊಸ ಫಲಕ ಮಾಡಿಸುವ ಭಕ್ತನ ಹೆಸರು ಉಳಿಯಲೆಂದು ಹಳೆಯ ಭಕ್ತನ ಹೆಸರನ್ನು ಅಳಿಸುವುದು ಧರ್ಮವಾಗಲಾರದು.

ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ತಟ್ಟಿ ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಶಾಯಿ ಒತ್ತಿ ಅಚ್ಚು ತೆಗೆಯುತ್ತಾರೆ. ಕಪ್ಪು ಹಿನ್ನೆಲೆಯಲ್ಲಿ ಅಕ್ಷರ ಬೆಳ್ಳಗೆ ಮೂಡುತ್ತದೆ; ಕಲ್ಲಿಗೆ ಕಿಂಚಿತ್ತೂ ಹಾನಿಯಿಲ್ಲ. ಇಂದು ಕಲ್ಲಿನ ಏರುತಗ್ಗುಗಳನ್ನು ಬೆಳಕಿನಿಂದ ಅಳೆದು ಗಣಕದಲ್ಲಿ ದಾಖಲಿಸುವ ಸೌಕರ್ಯವೂ ಬಂದಿದೆ. ಆ ದಾಖಲೆಯನ್ನು ಸಿ.ಎನ್.ಸಿ. ಯಂತ್ರಕ್ಕೆ ಕೊಟ್ಟರೆ ಹಳೆಯ ಶಾಸನದ ಯಥಾಪ್ರತಿಯನ್ನು ಬೇರೊಂದು ಕಲ್ಲಿನಲ್ಲಿ ತೆಗೆಯಬಹುದು. ಮೂಲ ಕಲ್ಲನ್ನು ನೆರಳಿನಲ್ಲಿ ಕಾಪಾಡಿ, ಪ್ರತಿಯನ್ನು ಭಕ್ತರ ಮುಂದೆ ನಿಲ್ಲಿಸಿ, ಪಕ್ಕದಲ್ಲಿ ಹೊಸಗನ್ನಡ-ಮರಾಠಿಗಳ ಅರ್ಥವನ್ನು ಉಬ್ಬಕ್ಷರದಲ್ಲಿ ಬರೆಸಿದರೆ ಅದಕ್ಕಿಂತ ಉತ್ತಮವಾದ ಅಕ್ಷರಸೇವೆ ಬೇರೊಂದಿಲ್ಲ. ಹಳೆಯದನ್ನು ಅಳಿಸಬಲ್ಲ ವಿದ್ಯೆಯೇ ಅದನ್ನು ಉಳಿಸಲೂ ಬಲ್ಲದು. ಯಾವುದಕ್ಕೆ ಬಳಸಬೇಕೆಂಬುದು ಬಳಸುವವರ ವಿವೇಕಕ್ಕೆ ಬಿಟ್ಟದ್ದು.

ಹಡಪದ ವಾಸುದೇವನು ತನ್ನ ಹೆಸರನ್ನು ದೂರದಿಂದ ಕಾಣುವಂತೆ ಉಬ್ಬಿಸಲಿಲ್ಲ, ಹೊಳಪಿನ ಬಣ್ಣ ಬಳಿಯಲಿಲ್ಲ. ದೇವರ ಪೂಜೆ ತಪ್ಪದೆ ನಡೆಯಲೆಂದು ಕಾಲು ನಿವರ್ತನ ಹೊಲದ ಲೆಕ್ಕವನ್ನು ಕಲ್ಲಿಗೆ ಒಪ್ಪಿಸಿದನು. ಅವನ ಸೇವೆ ಚಿಕ್ಕದಾದರೂ ಅಕ್ಷರ ಸರಿಯಾಗಿತ್ತು, ಕಲ್ಲು ಗಟ್ಟಿಯಾಗಿತ್ತು, ಮುಂದಿನವರು ಅದನ್ನು ಕೆಡಿಸಲಿಲ್ಲ. ಅಂತೆಯೇ ಇಂದಿನ ಸೇವಾಫಲಕಗಳೂ ಸರಿಯಾದ ಅಕ್ಷರ, ಗಟ್ಟಿಯಾದ ಕಲ್ಲು, ಹಿಂದಿನವರ ಮೇಲಿನ ಗೌರವ ಈ ಮೂರರಿಂದ ಕೂಡಿ ಬಹುಕಾಲ ಬಾಳಲಿ. ಕರವೀರನಿವಾಸಿನಿಯಾದ ಮಹಾಲಕ್ಷ್ಮಿಯು ಅಕ್ಷರ ಬರೆಯುವವರನ್ನೂ ಕೆತ್ತುವವರನ್ನೂ ಓದುವವರನ್ನೂ ಸಮಾನವಾಗಿ ಹರಸಲಿ.